ಪಟ್ಟಿಯಲ್ಲಿಲ್ಲದ ಕೋವಿ

ಕಾಟನ್‌ವುಡ್ ಬೆಂಡ್, ಮೊಂಟಾನಾ
ನವೆಂಬರ್ 11, ಸೋಮವಾರ

ನನ್ನ ಕಣ್ಮಣಿ ಕೊರಿನ್‌ಗೆ ಅಮ್ಮನ ಮುತ್ತುಗಳು. ನನ್ನ ಮೊಮ್ಮಕ್ಕಳು ಟಿಲ್ಲಿಗೂ ಜೂನ್‌ಗೂ ಒಂದೊಂದು ಹೆಚ್ಚಿಗೆ.

ನಿನ್ನ ಕಾಗದ ಶನಿವಾರ ಕೈಸೇರಿತು. ನೀನು ಬರೆದ ಎಂಟು ದಿನಕ್ಕೆ! ನೀನಿರುವ ಜಾಗ ಯಾರಿಗೂ ತಿಳಿಯದ ಹಾಗೆ ಕಾಯುವ ಆ ಗುಟ್ಟಿನ ವಿಳಾಸದ ಕಚೇರಿಯವರು ನಮ್ಮಿಬ್ಬರ ನಡುವೆ ಕಾಗದಗಳನ್ನು ದಾಟಿಸುವಷ್ಟರಲ್ಲಿ ಹಾಲು ಮೊಸರಾಗುತ್ತದೆ. ಇವತ್ತು ಯೋಧರ ದಿನದ ರಜೆ, ಅಂಚೆ ಇಲ್ಲ ಎಂದು ಗೊತ್ತು. ಆದರೂ ಬರೆಯಲು ಕೂತಿದ್ದೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ. ನಿನ್ನ ಫೋನ್ ನಂಬರ್ ನನ್ನ ಬಳಿ ಇಲ್ಲ. ಕೊಡಲಿಲ್ಲವಲ್ಲ ಎಂದು ಒಂದು ತಿಂಗಳು ಮುಖ ಊದಿಸಿಕೊಂಡಿದ್ದೆ. ನೀನು ಮಾಡಿದ್ದೇ ಸರಿ.

ನಿನ್ನ ಪ್ರಶ್ನೆ ಎರಡು. ಮೈಮೇಲೆ ಇಟ್ಟುಕೊಂಡು ಓಡಾಡಲು ಒಂದು ಯಾವುದು, ಭಾನುವಾರ ಮಕ್ಕಳು ಡಬ್ಬಕ್ಕೆ ಗುರಿಯಿಟ್ಟು ಹೊಡೆಯಲು ಒಂದು ಯಾವುದು. "ಕೋವಿ ಅಂದ್ರೆ ಅಮ್ಮ ಹೆದರಿಕೊಂಡು ತರೋ ವಸ್ತು ಅಂತ ಮಾತ್ರ ಅವ್ರು ತಿಳ್ಕೋಬಾರ್ದು, ನಮ್ಮ ಜಲ್ಲಿಗುಂಡಿ ಭಾನುವಾರಗಳೂ ಅವ್ರಿಗೆ ಸಿಗ್ಲಿ" ಎಂದು ಬರೆದಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ ಮಗಳೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋವಿ ಮಾರುವ ಕಟ್ಟೆಯ ಹಿಂದೆ ಇಪ್ಪತ್ತಾರು ವರ್ಷ ನಿಂತವಳು ನಾನು, ಇಂಥ ಕಾರಣ ಹೇಳಿ ಯಾರೂ ಕೇಳಿದ್ದಿಲ್ಲ. ಕೊನೆಯಲ್ಲಿ ನೀನು ಕೇಳಿದ ಮೂರನೆಯ ಮಾತಿಗೆ ಆಮೇಲೆ ಬರುತ್ತೇನೆ.

ಮಕ್ಕಳದ್ದು ಸುಲಭ, ಅದನ್ನೇ ಮೊದಲು ಹೇಳುತ್ತೇನೆ. ಕೊಳ್ಳಬೇಡ. ನಿನ್ನದೇ ಪುಟ್ಟ ಟ್ವೆಂಟಿ-ಟೂ ರೈಫಲ್ ಇಲ್ಲಿದೆ, ಒಂದು ಸಲಕ್ಕೆ ಒಂದೇ ಗುಂಡು ಹಿಡಿಯುವುದು. ಮಕ್ಕಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಹೊಡೆದ ಮೇಲೆ ನಿಲ್ಲಬೇಕು, ಯೋಚಿಸಬೇಕು, ಇನ್ನೊಂದು ಹಾಕಬೇಕು. ನಿನಗೆ ಏಳು ವರ್ಷವಾದಾಗ ಅಪ್ಪ ಅದರ ಮರದ ಹಿಡಿಯನ್ನು ನಿನ್ನ ತೋಳಿನ ಅಳತೆಗೆ ಕೊಯ್ದಿದ್ದರು. ಕೊಯ್ದ ಬಿಲ್ಲೆಗಳನ್ನು ಕಾಫಿ ಡಬ್ಬದಲ್ಲಿ ಇಟ್ಟು, ನೀನು ಬೆಳೆದ ಹಾಗೆ ಒಂದೊಂದನ್ನೇ ಸ್ಕ್ರೂ ಹಾಕಿ ಮತ್ತೆ ಸೇರಿಸುತ್ತಿದ್ದರು. ಶನಿವಾರವೇ ಆ ಮೂರು ಬಿಲ್ಲೆಗಳನ್ನೂ ಬಿಚ್ಚಿದೆ. ಜೂನ್‌ಗೆ ಹಿಡಿ ಹಾಗೇ ಸಾಕು, ಟಿಲ್ಲಿಗೆ ಒಂದು ಬಿಲ್ಲೆ ಬೇಕಾದೀತು.

ಆ ಜಲ್ಲಿಗುಂಡಿ ನೆನಪಿದೆಯೇ? ಚರ್ಚ್ ಮುಗಿಸಿ ಸೀದಾ ಅಲ್ಲಿಗೆ. ಒಂದು ಪಾತ್ರೆಯಲ್ಲಿ ಬೀನ್ಸು-ಮಾಂಸದ ಚಿಲ್ಲಿ, ಒಂದು ತಟ್ಟೆ ದಾಲ್ಚಿನ್ನಿ ರೋಲು, ಬಟಾಣಿ ಡಬ್ಬಗಳ ಸಾಲು. ನಿನ್ನ ಸರದಿ ಮುಗಿದ ಮೇಲೆ ಅಪ್ಪ ನಿನ್ನ ತಾತ ಕೊಟ್ಟ ಹಳೆಯ ರಿವಾಲ್ವರ್ ತೆಗೆಯುತ್ತಿದ್ದರು. ಅದರಲ್ಲಿ ಗುಂಡು ಕೂರುವ ಮನೆ ಆರು, ತುಂಬುವುದು ಮಾತ್ರ ಐದು. ಹಳೆಯ ಮಾಲು, ಕೈಜಾರಿ ಬಿದ್ದರೆ ತಾನಾಗಿ ಸಿಡಿಯುತ್ತದೆ, ಅದಕ್ಕೆ ಗುಂಡಿಗೆ ಬಡಿಯುವ ಹ್ಯಾಮರ್ ಕೂರುವ ಮನೆ ಖಾಲಿ ಇರಬೇಕು. "ಒಂದು ತುಂಬು, ಒಂದು ಬಿಡು, ಮಿಕ್ಕ ನಾಲ್ಕು ತುಂಬು" ಎಂದು ನೀನು ಹಗ್ಗ ಹಾರುವಾಗ ಹಾಡಿಕೊಳ್ಳುತ್ತಿದ್ದೆ. ಪಾದ್ರಿಯ ಹೆಂಡತಿ ಅದನ್ನು ಕೇಳಿ ಗಾಬರಿಯಾಗಿದ್ದಳು.

ಇನ್ನು ನಿನ್ನ ಮೈಮೇಲಿನದು. ಅಂಗಡಿಗೆ ಗಂಡಂದಿರು ಹೆಂಡತಿಯರನ್ನು ಕರೆದುಕೊಂಡು ಬರುತ್ತಿದ್ದರು. "ಇವಳಿಗೆ ಚಿಕ್ಕದು ಕೊಡಿ ಆರ್ಡಿಸ್, ಬ್ಯಾಗಲ್ಲಿ ಹಿಡೀಬೇಕು" ಎನ್ನುವರು. "ನಿಂಗೂ ಚಿಕ್ಕ ಬೂಟು ಕೊಡ್ಲೇನಪ್ಪಾ? ಕಾರಲ್ಲಿ ಜಾಗ ಉಳಿಯುತ್ತೆ" ಎನ್ನುತ್ತಿದ್ದೆ ನಾನು. ಹಗುರವಾಗಿ ಪುಟ್ಟದಾಗಿರುವ ಪಿಸ್ತೂಲೇ ಗುಂಡು ಹಾರಿದಾಗ ಕೈಗೆ ಹೆಚ್ಚು ಒದೆಯುವುದು. ಎರಡು ಸಲ ಒದೆಸಿಕೊಂಡ ಹೆಂಗಸು ಮೂರನೆಯ ಸಲ ಅದನ್ನು ಮುಟ್ಟುವುದಿಲ್ಲ, ಅದು ಕಾಲುಚೀಲಗಳ ಜೊತೆ ಡ್ರಾಯರ್ ಸೇರುತ್ತದೆ. ನಿನ್ನ ಅಂಗೈ ತುಂಬುವಂಥದು ತೆಗೆದುಕೋ. ಬ್ಯಾಗಿನಲ್ಲಿ ಇಡಲೇಬೇಡ. ಬ್ಯಾಗನ್ನು ನೀನು ನೆಲದ ಮೇಲೆ ಇಡುತ್ತೀಯ, ಜೂನ್ ಚೂಯಿಂಗ್ ಗಮ್‌ಗೆ ಕೈಹಾಕುತ್ತಾಳೆ. ಸೊಂಟದಲ್ಲಿರಬೇಕು, ಇಲ್ಲವೇ ಬೀಗದೊಳಗಿರಬೇಕು.

ಮತ್ತೆ, ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ನೋಡದೆ ಕೊಳ್ಳಬೇಡ. ಅದಕ್ಕೆ ಮಣಿಕಟ್ಟಿನಲ್ಲಿ ಬಲ ಬೇಕು. ನಿನ್ನ ಬಲ ಮಣಿಕಟ್ಟು ಇನ್ನೂ ನೆಟ್ಟಗಾಗಿರಲಾರದು. ಆಗಸ್ಟ್‌ನಲ್ಲಿ ಆಸ್ಪತ್ರೆಯಿಂದ ಫೋನ್ ಮಾಡಿ "ಕುದುರೆ ಮೇಲಿಂದ ಬಿದ್ದೆ ಅಮ್ಮಾ" ಎಂದೆ. ನೀವು ಕುದುರೆ ಮಾರಿ ಆಗಲೇ ಒಂದು ವರ್ಷವಾಗಿತ್ತು. ನನಗೆ ಅದು ಗೊತ್ತಿತ್ತು. "ಹುಷಾರಾಗಿರ್ಬಾರ್ದೇನೇ" ಎಂದು ನಿನ್ನನ್ನೇ ಬೈದು ಫೋನ್ ಇಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ.

ಬರೆದೆನಲ್ಲ. ಇನ್ನು ಮೂರನೆಯ ಮಾತು.

"ಅಪ್ಪನ ರಿವಾಲ್ವರ್ ನಿನ್ನ ಬೀರುವಿನಲ್ಲೇ ಇದೆಯಲ್ಲ, ಹೊಸದು ತರೋವರೆಗೂ ಅದನ್ನೇ ಯಾರ ಕೈಲಾದ್ರೂ ಕಳಿಸ್ತೀಯಾ" ಎಂದು ಕೇಳಿದ್ದೀಯ. ಕೊರಿನ್, ಅದು ನನ್ನ ಬೀರುವಿನಲ್ಲಿ ಇಲ್ಲ.

ನಿನ್ನ ಮದುವೆಯ ಬೆಳಿಗ್ಗೆ ಅಪ್ಪ ಅದನ್ನು ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿ ರಾಯ್ಸ್‌ನ ಕೈಗೆ ಕೊಟ್ಟಿದ್ದರು. ಅವರ ಮಾವ ಅವರಿಗೆ ಕೊಟ್ಟ ಹಾಗೆ. "ಇದಿನ್ನು ನಿಂದಪ್ಪಾ. ನಮ್ಮ ಹುಡುಗೀನ ಕಾಪಾಡ್ಕೋ" ಎಂದರು. ರಾಯ್ಸ್ ಅತ್ತುಬಿಟ್ಟ, ನಾನೂ ಅತ್ತೆ. ಎರಡು ವರ್ಷದ ಹಿಂದೆ ಮೊದಲ ಸಲ ಅವನನ್ನು ಬಿಟ್ಟು ಬಂದಾಗ ನೀನು ಅದನ್ನು ಸೂಟ್‌ಕೇಸಿನ ತಳದಲ್ಲಿ ತಂದು ನನ್ನ ಬೀರುವಿಗೆ ಹಾಕಿದೆ. "ಇದು ಇಲ್ಲೇ ಇರ್ಲಮ್ಮಾ" ಎಂದೆ. ಹೂಂ ಎಂದೆ ನಾನು. ನೀವಿಬ್ಬರೂ ಮತ್ತೆ ಒಂದಾದಿರಿ. ಈ ಈಸ್ಟರ್‌ಗೆ ಅವನೊಬ್ಬನೇ ಬಂದು ನನ್ನ ಅಡುಗೆಮನೆಯಲ್ಲಿ ಕೂತ. ಕುಡಿತ ಬಿಟ್ಟೆ ಅಂದ, ಚರ್ಚಿಗೆ ಹೋಗುತ್ತಿದ್ದೇನೆ ಅಂದ, "ಈ ಮನೇಲಿ ನನ್ನನ್ನ ಯಾರೂ ನಂಬಲ್ಲ ಅಲ್ವಾಮ್ಮಾ" ಅಂದ. ನಾನು ಎದ್ದು ಹೋಗಿ ರಿವಾಲ್ವರ್ ತಂದು ಅದೇ ಬಟ್ಟೆಯಲ್ಲಿ ಸುತ್ತಿ ಅವನ ಮುಂದಿಟ್ಟೆ. ನಂಬಿಕೆ ತೋರಿಸಲು ನನಗೆ ಬೇರೆ ದಾರಿ ಹೊಳೆಯಲಿಲ್ಲ. ಅವನೂ ನಿನಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಟೋಬರ್‌ನಲ್ಲಿ ನೀನು ಅವನಿಂದ ರಕ್ಷಣೆ ಕೇಳಿದಾಗ ನ್ಯಾಯಾಧೀಶರು ಅವನ ಕೋವಿಗಳನ್ನೆಲ್ಲ ಒಪ್ಪಿಸಲು ಹೇಳಿದರಲ್ಲ, ಆಗ ನೀನು ಬರೆದುಕೊಟ್ಟ ಪಟ್ಟಿಯಲ್ಲಿ ಹನ್ನೊಂದು ಇದ್ದವು. ಹನ್ನೆರಡನೆಯದು ಹೇಗೆ ಇದ್ದೀತು? ಅದು ನನ್ನ ಮನೆಯಲ್ಲಿದೆ ಎಂದು ನೀನು ತಿಳಿದಿದ್ದೆ. ಪೊಲೀಸರು ಬರುವ ಹಿಂದಿನ ದಿನ ರಾಯ್ಸ್ ಫೋನ್ ಮಾಡಿದ. "ಅಮ್ಮಾ, ಹನ್ನೊಂದೂ ಕೊಟ್ಬಿಡ್ತೀನಿ, ನಂಗೇನೂ ಬೇಡ. ಆದ್ರೆ ಮಾವಂದು ಸಿಕ್ರೆ ಕರಗಿಸಿಬಿಡ್ತಾರಮ್ಮಾ. ಭಾನುವಾರ ನಾನೇ ತಂದು ನಿಮ್ಮ ಕೈಗಿಡ್ತೀನಿ, ಯಾರಿಗೂ ಹೇಳ್ಬೇಡಿ" ಅಂದ.

ಮಾರನೆಯ ದಿನ ಗ್ಯಾರೆಟ್ ಬಂದ. ಈಗ ಅವನು ಶೆರಿಫ್ ಕಚೇರಿಯಲ್ಲಿದ್ದಾನೆ, ಚಿಕ್ಕವನಿದ್ದಾಗ ಚರ್ಚಿನ ನೆಲಮಾಳಿಗೆಯಲ್ಲಿ ನನ್ನಿಂದ ಬೇಟೆಯ ಪಾಠ ಹೇಳಿಸಿಕೊಂಡವನು, ನನ್ನನ್ನು ಇನ್ನೂ ಟೀಚರ್ ಎನ್ನುತ್ತಾನೆ. ಟೋಪಿ ಕೈಯಲ್ಲಿ ಹಿಡಿದು, "ತಪ್ಪು ತಿಳ್ಕೋಬೇಡಿ ಟೀಚರ್, ಕೇಳ್ಲೇಬೇಕು. ಈ ಹನ್ನೊಂದು ಬಿಟ್ಟು ಅವನ ಹತ್ರ ಇನ್ಯಾವುದಾದ್ರೂ ಇದೆಯಾ?" ಎಂದ. "ನಂಗೆ ಗೊತ್ತಿರೋ ಹಾಗೆ ಇಲ್ಲಪ್ಪ" ಎಂದೆ. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಯೋಚಿಸಲೇ ಇಲ್ಲ. "ಬೀರುವಿನಲ್ಲಿ ಏನಿದೆ ಅನ್ನೋದು ಹೆಂಡ್ತಿಗೆ ಗೊತ್ತಿರ್ಬೇಕು, ದೇವ್ರಿಗೆ ಗೊತ್ತಿರ್ಬೇಕು, ಸರ್ಕಾರಕ್ಕೆ ಯಾಕೆ?" ಎಂದು ನಿನ್ನಪ್ಪ ಕಣ್ಮುಚ್ಚುವವರೆಗೂ ನಲವತ್ತು ವರ್ಷ ಹೇಳಿದ್ದನ್ನು ನನ್ನ ನಾಲಿಗೆ ತಾನಾಗಿ ಹೇಳಿತು. ಈ ಊರಿನಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಭಾನುವಾರ ಮಾಂಸ ಬೇಯಿಸಿ ಎರಡು ತಟ್ಟೆ ಹಾಕಿ ಕಾದೆ. ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿದರೆ ಕೆಲಸ ಅಂದ, ಟ್ರಕ್ ಕೆಟ್ಟಿದೆ ಅಂದ. ಶನಿವಾರ ನಿನ್ನ ಕಾಗದ ಓದಿದ ಮೇಲೆ ಅದು ಇನ್ನೂ ಅವನ ಕೈಯಲ್ಲೇ ಇದೆ ಎನ್ನುವುದರ ಅರ್ಥ ಹೊಳೆಯಿತು. ಅಷ್ಟಾದರೂ ನಾನು ಮಾಡಿದ್ದೇನು ಗೊತ್ತೇ? ಈ ಭಾನುವಾರ ಖಂಡಿತ ಬರ್ತೀನಿ ಅಂದಿದ್ದಾನಲ್ಲ ಎಂದು ಇನ್ನೊಂದು ದಿನ ಕಾದೆ. ಮೂರನೆಯ ಸಲ ಮಾಂಸ ಬೇಯಿಸಿದೆ. ನನ್ನಂಥ ಪೆದ್ದಿ ಈ ಕೌಂಟಿಯಲ್ಲಿ ಹುಟ್ಟಿಲ್ಲ.

ನಿನ್ನೆ ಮಧ್ಯಾಹ್ನ ಎರಡಕ್ಕೆ ಒಲೆ ಆರಿಸಿ ಅವನ ಟ್ರೈಲರ್ ಮನೆಗೆ ಹೋದೆ. ಬಾಗಿಲಿಗೆ ಬೀಗವಿರಲಿಲ್ಲ. ಟ್ರಕ್ ಇಲ್ಲ, ಅವನೂ ಇಲ್ಲ. ಮೇಜಿನ ಮೇಲೆ ಏನೇನೋ ಬಿದ್ದಿತ್ತು, ಅದೀಗ ಬೇಡ. ಪಕ್ಕದವಳು ಅವನ ನಾಯಿಯನ್ನು ಹಿಡಿದುಕೊಂಡು ಹೊರಬಂದಳು. "ಗುರುವಾರ ಹೋದ್ರು. ಇದನ್ನ ನೀವೇ ಇಟ್ಕೊಳ್ಳಿ ಅಂದ್ರು. ಎಷ್ಟು ದಿನಕ್ಕೆ ಅಂತ ಕೇಳಿದ್ರೆ ನಕ್ಕುಬಿಟ್ರು" ಎಂದಳು. ಬೇಟೆಯ ಕಾಲದಲ್ಲಿ ಆ ನಾಯಿಯನ್ನು ಬಿಟ್ಟು ಹೋಗುವವನೇ ರಾಯ್ಸ್?

ಅಲ್ಲಿಂದ ಸೀದಾ ಶೆರಿಫ್ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಗ್ಯಾರೆಟ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಿಳಿಚಿಕೊಂಡು, "ಟೀಚರ್, ಅವತ್ತು ಹೇಳಿದ್ರೆ ಒಂದು ನಿಮಿಷದ ಕೆಲ್ಸ ಆಗಿತ್ತಲ್ಲ" ಎಂದಷ್ಟೇ ಹೇಳಿದ. ಟ್ರಕ್ಕಿನ ನಂಬರ್ ಎಲ್ಲ ಕಡೆಗೂ ಕಳಿಸಿದ್ದಾನೆ. ನೀನು ಎಲ್ಲಿದ್ದೀಯ ಎನ್ನುವುದು ಅವನಿಗೂ ತಿಳಿಯದು. ಆ ವಿಳಾಸದ ಕಚೇರಿ ರಜೆ ಮುಗಿಸಿ ನಾಳೆ ಎಂಟಕ್ಕೆ ಬಾಗಿಲು ತೆಗೆಯುತ್ತಲೇ ಫೋನ್ ಮಾಡುತ್ತಾನಂತೆ. ಈ ಕಾಗದಕ್ಕಿಂತ ಅದೇ ಮೊದಲು ನಿನ್ನನ್ನು ಮುಟ್ಟಲಿ. ಗುರುವಾರದಿಂದ ನಾಳೆಗೆ ಐದು ದಿನ ಮಗಳೇ.

ನಿನ್ನ ಊರು ಅವನಿಗೆ ಗೊತ್ತಿಲ್ಲವಲ್ಲ ಎಂದು ನೀನು ಅಂದುಕೊಳ್ಳಬಹುದು. ಅದನ್ನೂ ಹೇಳಿಬಿಡುತ್ತೇನೆ. ಕಳೆದ ವಾರ ಫೋನಿನಲ್ಲಿ, "ಮಕ್ಳು ಹೇಗಿದ್ದಾರಮ್ಮಾ, ಅಷ್ಟೇ ಹೇಳಿ ಸಾಕು" ಎಂದು ಗೋಗರೆದ. ನನ್ನ ಕರುಳು ಕರಗಿತು. "ಚೆನ್ನಾಗಿದ್ದಾರಪ್ಪ, ಟಿಲ್ಲಿಗೆ ಹೊಸ ಸ್ಕೂಲಲ್ಲಿ ಈಜು ಕಲಿಸ್ತಿದ್ದಾರಂತೆ, ಸ್ಕೂಲಿನೊಳಗೇ ಕೊಳ ಇದೆಯಂತೆ" ಎಂದುಬಿಟ್ಟೆ. ಈ ಸೀಮೆಯಲ್ಲಿ ಒಳಗೆ ಈಜುಕೊಳವಿರುವ ಶಾಲೆಗಳು ಎಷ್ಟಿವೆ ಎಂದು ಆಮೇಲೆ ಲೆಕ್ಕ ಹಾಕಿದೆ. ಎರಡು.

ಹಾಗಾಗಿ ಮೇಲೆ ಬರೆದ ಬುದ್ಧಿಮಾತನ್ನೆಲ್ಲ ಮರೆತುಬಿಡು. ಯಾವ ಪಿಸ್ತೂಲು ಕೊಂಡರೂ ಅದು ಕೈಗೆ ಪಳಗಲು ತಿಂಗಳುಗಟ್ಟಲೆ ಬೇಕು. ಅಂಗಡಿಯಲ್ಲಿ ಯಾರಿಗೂ ನಾನದನ್ನು ಬಿಡಿಸಿ ಹೇಳಿದ್ದಿಲ್ಲ. ಹೆದರಿ ಬಂದ ಹೆಂಗಸರು ಪೊಟ್ಟಣ ಹಿಡಿದು ಸ್ವಲ್ಪ ಧೈರ್ಯದಿಂದ ಹೋಗುತ್ತಿದ್ದರು, ಅದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಮುಂದೆ ಅವರಿಗೆಲ್ಲ ಏನಾಯಿತೋ ನಾನು ಕೇಳಲೂ ಹೋಗಲಿಲ್ಲ. ನೀನು ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಈಗಲೇ ಆ ಊರು ಬಿಡು. ಎಲ್ಲಿಗೆಂದು ನನಗೆ ಬರೆಯಬೇಡ. ಇನ್ನು ಯಾವತ್ತೂ ಬರೆಯಬೇಡ.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ರೈಫಲ್ಲಿಗೆ ಎಣ್ಣೆ ಹಾಕಿ ಒರೆಸಿ ಇಟ್ಟಿದ್ದೇನೆ, ಬಿಲ್ಲೆಗಳ ಡಬ್ಬ ಪಕ್ಕದಲ್ಲೇ ಇದೆ.

ಇಂತಿ, ನಿನಗೆ ಕುತ್ತು ತಂದ
ಅಮ್ಮ
ಆರ್ಡಿಸ್

ಮ.ವಿ.: ಟ್ರೈಲರಿನ ಮೇಜಿನ ಮೇಲೆ ಇದ್ದದ್ದನ್ನು ಹೇಳದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ಅಪ್ಪನ ರಿವಾಲ್ವರಿನ ಗುಂಡುಗಳ ಹೊಸ ಪೆಟ್ಟಿಗೆ, ಐವತ್ತರದ್ದು. ಪಕ್ಕದಲ್ಲಿ ಆ ಹಿಟ್ಟಿನ ಚೀಲದ ಬಟ್ಟೆ ಮಡಿಸಿ ಇಟ್ಟಿತ್ತು. ಪೆಟ್ಟಿಗೆಯಲ್ಲಿ ನಲವತ್ತೈದು ಉಳಿದಿದ್ದವು, ಎರಡು ಸಲ ಎಣಿಸಿದೆ. ಮಾವ ಕಲಿಸಿದ ಹಾಗೆಯೇ ತುಂಬಿದ್ದಾನೆ. ಮಿಕ್ಕವು ಬೇಕೆಂದು ಅವನಿಗೆ ಅನ್ನಿಸಿಲ್ಲ. ಪ್ರತಿ ಸಲವೂ ಅವನು ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು, ಆ ಸದ್ದು ನಿನಗೆ ಗೊತ್ತು. ಅವನು ಬಂದುಬಿಟ್ಟರೆ ಮಕ್ಕಳನ್ನು ನೆಲಕ್ಕೆ ಒತ್ತಿ ಹಿಡಿದು ಹೊಡೆತಗಳನ್ನು ಎಣಿಸು ಕೊರಿನ್. ಐದಾದ ಮೇಲೆ ಎದ್ದು ಓಡು, ಆರನೆಯ ಮನೆ ಖಾಲಿ.