ಅಪ್ಪನ ಹೊಸ ಹಲ್ಲು

ಭಾನುವಾರ, ಜೂನ್ ೧೪
ಅಂಗಡಿಯಿಂದ

ಪ್ರೀತಿಯ ಮಗಳಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ನಾನೂ ನಿನ್ನಮ್ಮನೂ ಚೆನ್ನಾಗಿದ್ದೇವೆ, ನೀವಿಬ್ಬರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳುಗಳೇ ಆದವು, ಉತ್ತರ ತಡವಾಯಿತು, ಸಿಟ್ಟಾಗಬೇಡ. ಮಧ್ಯೆ ಫೋನಿನಲ್ಲಿ ಮಾತಾಡಿದೆವು ನಿಜ. ಆದರೆ ನಾನು ಫೋನು ಹಿಡಿದರೆ ನಿನ್ನಮ್ಮ ಪಕ್ಕದಲ್ಲೇ ನಿಂತು ಮಾತುಮಾತಿಗೂ ನನ್ನನ್ನು ತಿದ್ದುತ್ತಾಳೆ. ಅದಕ್ಕೇ ಈಗ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಮೇಜಿನ ಮೇಲಿನ ಬಟ್ಟೆ ಆಚೆ ಸರಿಸಿ, ಒಬ್ಬನೇ ಕೂತು ಬರೆಯುತ್ತಿದ್ದೇನೆ.

ಸುದ್ದಿ ಏನೆಂದರೆ, ನಿನ್ನಪ್ಪನಿಗೆ ಹಲ್ಲು ಬಂದಿದೆ! ಇಷ್ಟು ದಿನ ಮೀಸೆ ಬೆಳೆಸಿ ಮುಚ್ಚಿಟ್ಟಿದ್ದೆನಲ್ಲ, ಮೇಲಿನ ಸಾಲಿನ ಆ ಕಿಂಡಿ, ಅದು ಭರ್ತಿಯಾಯಿತು. 'ರಜೆಗೆ ಬಂದಾಗ ಎಲ್ಲರೂ ಸೇರಿ ಒಂದು ಫೋಟೋ ತೆಗೆಸೋಣ, ಅಪ್ಪ ನಮ್ಮ ಮದುವೆ ಫೋಟೋದಲ್ಲಿದ್ದ ಹಾಗೆ ಮುಖ ಗಂಟು ಹಾಕಿಕೊಂಡು ನಿಂತರೂ ಪರವಾಗಿಲ್ಲ' ಅಂತ ನೀನು ಬರೆದಿದ್ದೆ. ಅದನ್ನು ಓದಿದ ದಿನವೇ ನಿರ್ಧಾರ ಮಾಡಿದೆ. ಈ ಫೋಟೋದಲ್ಲಿ ನಾನು ಬಾಯ್ತುಂಬ ನಗಬೇಕು, ಅದೂ ಅಳಿಯಂದಿರ ಹೆಗಲ ಮೇಲೆ ಕೈ ಹಾಕಿಕೊಂಡು. ನನಗೆ ಬೇಕಾದದ್ದು ಇಷ್ಟೇ.

ಹಲ್ಲಿನ ಡಾಕ್ಟರಮ್ಮನಿಗೆ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ದವಡೆಯ ಮೂಳೆಗೆ ಒಂದು ಪುಟ್ಟ ತಿರುಪು ಕೂರಿಸುವುದು, ಮೂಳೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೆ ಕೆಲವು ತಿಂಗಳು ಕಾಯುವುದು, ಆಮೇಲೆ ಅದರ ಮೇಲೆ ಹಲ್ಲು ಕೂರಿಸುವುದು ಎಂದು ವಿವರಿಸಿದರು.

"ತಿರುಪು ಅಂದ್ರೆ, ಗೋಡೆಗೆ ಹಾಕ್ತಾರಲ್ಲ, ಆ ಥರದ್ದಾ?" ಅಂದೆ.

"ಹೂಂ ಮಾಸ್ಟ್ರೇ, ಅದೇ ಥರ. ಆದ್ರೆ ನಾನು ಸ್ವಲ್ಪ ಮೆತ್ತಗೆ ಹಾಕ್ತೀನಿ," ಅಂದರು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವೇನೂ ಗೊತ್ತಾಗಲಿಲ್ಲ. ತಲೆಯೊಳಗೇ ಯಾರೋ ನನ್ನ ಹೊಲಿಗೆ ಯಂತ್ರ ತುಳಿಯುತ್ತಿರುವ ಹಾಗೆ ಸದ್ದು ಮಾತ್ರ ಕೇಳುತ್ತಿತ್ತು. ಹೊರಗೆ ಕೂತ ನಿನ್ನಮ್ಮ ಪಕ್ಕದವರಿಗೆ ನನ್ನ ಧೈರ್ಯದ ವಿಷಯ ಏನೇನೋ ಹೇಳಿದ್ದಾಳೆ, ಅದರಲ್ಲಿ ಒಂದೂ ಒಳ್ಳೆಯದಲ್ಲ.

ಬಣ್ಣ ಹೊಂದಿಸುವ ದಿನ ಡಾಕ್ಟರಮ್ಮ ದೀಪ ಆರಿಸಿ ನನ್ನನ್ನು ಕಿಟಕಿಯ ಬಳಿ ನಿಲ್ಲಿಸಿದರು. ಬಟ್ಟೆಗೆ ದಾರ ಹೊಂದಿಸಲು ನಾನು ಬೀದಿಯ ಬೆಳಕಿಗೆ ಬರುವುದಿಲ್ಲವೇ, ಹಾಗೆಯೇ. ಪರವಾಗಿಲ್ಲ, ಇವರೂ ನಮ್ಮವರೇ ಎನ್ನಿಸಿತು. ಅವರು ಮುಂದೆ ಹಿಡಿದ ಮಾದರಿ ಹಲ್ಲುಗಳಲ್ಲಿ ನಾನು ಆಸೆಬುರುಕನ ಹಾಗೆ ಎಲ್ಲಕ್ಕಿಂತ ಬಿಳಿಯದನ್ನು ತೋರಿಸಿದೆ. "ಬೇಡಿ ಮಾಸ್ಟ್ರೇ, ಮಿಕ್ಕ ಹಲ್ಲುಗಳು ಬೇಜಾರು ಮಾಡ್ಕೊಳ್ತವೆ," ಅಂದರು. ಕೊನೆಗೆ ಕೂರಿಸಿದ್ದು ನನ್ನ ವಯಸ್ಸಿಗೆ ತಕ್ಕ ಹಲ್ಲು, ತುಸು ಹಳದಿ.

ಇನ್ನು ಮುಂದೆ ದಾರ ಕಚ್ಚಿ ಹರಿಯಬಾರದಂತೆ. ಕತ್ತರಿ ಕೈಯಲ್ಲೇ ಇದ್ದರೂ ದಾರವನ್ನು ಬಾಯಿಗೇ ಒಯ್ಯುವ ನನ್ನ ಚಾಳಿಯ ಬಗ್ಗೆ ನಿನ್ನಮ್ಮ ಡಾಕ್ಟರಮ್ಮನಿಗೆ ಮೊದಲೇ ಚಾಡಿ ಹೇಳಿದ್ದಳು. ಸಾಲದ್ದಕ್ಕೆ ಒಂದು ಚಿಕ್ಕ ಕತ್ತರಿಗೆ ಲಾಡಿ ಕಟ್ಟಿ ನನ್ನ ಕೊರಳಿಗೆ ನೇತುಹಾಕಿದ್ದಾಳೆ. ಬಂದ ಗಿರಾಕಿಗಳೆಲ್ಲ ನೋಡಿ ನಗುತ್ತಾರೆ, ನಾನೂ ಅವರ ಜೊತೆ ಹಲ್ಲು ಕಿರಿಯುತ್ತೇನೆ. ಈಗ ಕಿರಿಯಲು ಹಲ್ಲಿದೆಯಲ್ಲ!

ಮೀಸೆ ಬೋಳಿಸಿದೆ. ಅವತ್ತು ಮನೆಗೆ ಹೋದಾಗ ನಿನ್ನಮ್ಮ ಸೊಂಟಕ್ಕೆ ಕೈಯಿಟ್ಟು, "ಎಲ್ಲಿ, ನಗಿ ನೋಡೋಣ," ಅಂದಳು. ನಕ್ಕೆ. ಅವಳೂ ನಕ್ಕಳು. ಆಮೇಲೆ, "ಈ ಮುಖ ನೋಡಿ ಎಷ್ಟು ಕಾಲ ಆಗಿತ್ತು ರೀ," ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ತುಂಬ ಸಂತೋಷವಾಯಿತು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಬರುವಾಗ ನಾನು ಹೊಲಿದುಕೊಟ್ಟ ಮದುವೆಯ ಕೋಟು ತರಲು ಹೇಳು, ಬಿಗಿಯಾಗಿದ್ದರೆ ಬಿಚ್ಚಿ ಸರಿಮಾಡುತ್ತೇನೆ. ಇಬ್ಬರೂ ಹೊತ್ತುಹೊತ್ತಿಗೆ ಉಂಡು, ಜಗಳವಾಡಿದರೂ ಬೇಗ ರಾಜಿಯಾಗಿ, ನೂರು ಕಾಲ ಸುಖವಾಗಿರಿ.

ನಿನ್ನ ಪ್ರೀತಿಯ,
ಅಪ್ಪ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಹಲ್ಲು ನಿನ್ನ ಮದುವೆಯಾದ ಎಷ್ಟೋ ದಿನಕ್ಕೆ, ಗಟ್ಟಿ ಏನೋ ಕಚ್ಚಿದಾಗ ಹೋಯಿತು ಅಂತ ನಿನಗೆ ಹೇಳಿದ್ದೆ. ಹಾಗಲ್ಲ. ಹೋದದ್ದು ಮದುವೆಯ ದಿನ ಬೆಳಿಗ್ಗೆ. ಅಳಿಯಂದಿರ ಕೋಟಿಗೆ ಕೊನೆಯ ಗುಂಡಿ ಹಾಕಿ, ದಾರ ಕಚ್ಚಿ ಎಳೆದೆ. ದಾರ ಹರಿಯಲಿಲ್ಲ, ಹಲ್ಲು ಮುರಿಯಿತು. ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಮಗಳು ತಾನೇ ಮೆಚ್ಚಿಕೊಂಡ ಹುಡುಗ, ಅದಕ್ಕೇ ಅಪ್ಪನಿಗೆ ಇಷ್ಟವಿಲ್ಲ ಅಂತ ಬಂದವರೆಲ್ಲ ಅಂದುಕೊಂಡರು. ಹೊರಡುವಾಗ ನೀನೂ ನನ್ನ ಕೈ ಹಿಡಿದುಕೊಂಡು, "ಒಂದೇ ಒಂದ್ಸಲ ನಗಬಾರ್ದಿತ್ತಾ ಅಪ್ಪ?" ಅಂದೆ. ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. ನಿಜ ಹೇಳಿದರೆ ಆ ಹುಡುಗ ಕೋಟು ತೊಟ್ಟಾಗಲೆಲ್ಲ ನೊಂದುಕೊಳ್ಳುತ್ತಾನೆ ಅಂತ ಸುಮ್ಮನಿದ್ದೆ. ಈಗ ಹಲ್ಲು ಬಂದಿದೆ, ಅವನಿಗೂ ಓದಿ ಹೇಳು, ನಗಲಿ. ಅವನನ್ನು ನಾನು ಮೊದಲ ದಿನವೇ ಮೆಚ್ಚಿದ್ದೆ ಮಗಳೇ. ಇಷ್ಟವಿಲ್ಲದವನ ಗುಂಡಿಗೆ ಯಾರಾದರೂ ಅಷ್ಟು ಗಟ್ಟಿ ದಾರ ಹಾಕುತ್ತಾರೆಯೇ?