ಹಸಿರು ಪಿನ್ನು

ಸೆಪ್ಟೆಂಬರ್ 4, ಬುಧವಾರ. ಮೆಸ್‌ನಿಂದ ಬಂದು

ಬೆರಳಿಗೆಲ್ಲ ಅಂಟು. ಥರ್ಮಕೋಲ್ ಚೂರು ಹಾಸಿಗೆ ಮೇಲೆ, ಕಾಲುಚೀಲದಲ್ಲಿ, ಟೀ ಲೋಟದಲ್ಲಿ. ರೂಮ್‌ಮೇಟ್ ಬಯ್ದಳು — "ರೂಮಾ ಇದು, ಕಟ್ಟಡದ ಸೈಟಾ?" ಎಲ್ಲರೂ ಅವಳನ್ನ ಪೆನ್ಸಿಲ್ ಅಂತಾರೆ. ಅಷ್ಟು ಸಣ್ಣ, ಅಷ್ಟು ಚೂಪು.

ಮನೆಗಳೆಲ್ಲ ಮುಗೀತು. ನಮ್ಮ ರೋಡು ಪೂರ್ತಿ ಒಂದು ಬೋರ್ಡ್ ಮೇಲೆ. ಪಾರ್ಲರ್ ಆಂಟಿ ಅಂಗಡಿಯ ಗುಲಾಬಿ ಫಲಕ ಕೂಡ — ಐಸ್‌ಕ್ರೀಂ ಕಡ್ಡಿ ಕತ್ತರಿಸಿ ನೇಲ್‌ಪಾಲಿಶ್ ಬಳಿದೆ. ಸಕತ್ತಾಗಿದೆ.

ಪ್ರಾಜೆಕ್ಟ್ ಇಷ್ಟೇ: ನಿಮ್ಮ ಬೀದಿಯ ಜನ ಎಲ್ಲಿಂದ ಬಂದವರು? ಮನೆಗೊಂದು ಪಿನ್ನು. ಕೆಂಪು ಅಂದ್ರೆ ನಮ್ಮ ಊರಿನ ಹಳಬರು. ಹಳದಿ ಅಂದ್ರೆ ಮಿಲ್ಲಿನ ಕೆಲಸಕ್ಕೆ ಅಂತ ಬಯಲು ಕಡೆಯಿಂದ ಬಂದೋರು. ಹಸಿರು ಅಂದ್ರೆ ದ್ವೀಪದವರು — ಮುತ್ತಜ್ಜನ ಕಾಲದಲ್ಲಿ ಹಡಗಿಗೆ ತುಂಬ್ಕೊಂಡು ಕೂಲಿಗೆ ಕರ್ಕೊಂಡು ಬಂದ್ರಂತೆ. ಈಗ ಅವರೆಲ್ಲ ಇರೋದು ಬಂದರಿನ ಆಚೆ. ನಮ್ಮ ರೋಡಲ್ಲಿ ಹಸಿರು ಇಲ್ಲ. 'ಮನೆ ಬಾಡಿಗೆಗಿದೆ' ಅಂತ ಬೋರ್ಡ್ ನೇತಾಡ್ತಾ ಇರುತ್ತೆ, ಅವರು ಬಂದು ಕೇಳಿದ್ರೆ ನಿನ್ನೇನೇ ಕೊಟ್ಟಾಗಿರುತ್ತೆ.

ಕನ್ಫರ್ಮ್ ಮಾಡೋಕೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ರೋಡಿನ ಅಸೋಸಿಯೇಷನ್ ಸೆಕ್ರೆಟರಿ. "ನಮ್ಮಲ್ಲಿ ಎರಡೇ ಜಾತಿ ಕಣಮ್ಮ. ಪಾರ್ಕಿಂಗ್ ಇರೋರು, ಇಲ್ಲದೋರು."

ಹಿಂದಿನಿಂದ ಅಮ್ಮನ ದನಿ — "ಆ ಕಾಲೇಜಲ್ಲಿ ಬೇರೆ ಏನೂ ಕಲಿಸಲ್ವಂತಾ?"

ಸೆಪ್ಟೆಂಬರ್ 6, ಶುಕ್ರವಾರ

ಸರ್ ನೋಡಿದ್ರು. "ನೀಟಾಗಿದೆ. ಆದ್ರೆ ಫ್ಲಾಟ್. ಎರಡೇ ಬಣ್ಣ. ಮನೆ ಮನೆಗೆ ಹೋಗಿ ವಿಚಾರಿಸಿದ್ಯಾ, ಮಂಚದ ಮೇಲೆ ಕೂತೇ ಮಾಡಿದ್ಯಾ?"

ಕ್ಲಾಸೆಲ್ಲ ನಕ್ಕಿತು. ಕಿವಿ ಕಾದು ಹೋಯ್ತು. ಪೆನ್ಸಿಲ್‌ದು ಬೇರೆ ಊರು, ಐದು ಬಣ್ಣ. ಅವಳ ಬೀದಿ ನೋಡಿದ್ರೆ ಚಾಕಲೇಟ್ ಡಬ್ಬಿ ತೆಗೆದಿಟ್ಟ ಹಾಗಿದೆ. ನನ್ನದು... ಐದನೇ ಕ್ಲಾಸಿಂದ ಹಾಸ್ಟೆಲಲ್ಲೇ ಕಳೆದೋಳಿಗೆ ಸ್ವಂತ ರೋಡು ಏನು ಗೊತ್ತು ಅಂದಂಗಾಯ್ತು.

"ಇನ್ನೊಂದು ಇದೆ ಸರ್" ಅಂದೆ.

ಯಾರೂ ಬಾಯಿ ಬಿಡಿಸಿಲ್ಲ. ನಾನೇ ಅಂದೆ.

ಪೆನ್ಸಿಲ್ ಹತ್ರ ಹಸಿರು ಪಿನ್ನು ಇಸ್ಕೊಂಡೆ. ಗುಲಾಬಿ ಫಲಕದ ಅಂಗಡಿಯ ಮೇಲೆ ಚುಚ್ಚಿದೆ. ಥರ್ಮಕೋಲ್ ಕಿರ್ ಅಂತು.

"ನೋಡು, ಈಗ ಬೀದಿಗೆ ಜೀವ ಬಂತು" ಅಂದ್ರು ಸರ್. ಎ ಪ್ಲಸ್. ಓಪನ್ ಡೇಗೆ ಹಾಲಲ್ಲಿ ಇಡ್ತಾರಂತೆ.

ಖುಷಿ ಆಗಿದ್ದು ನಿಜ. ಅದನ್ನೂ ಬರೀಬೇಕು ಅಲ್ವಾ... ಆಯ್ತು.

ಸೆಪ್ಟೆಂಬರ್ 7, ಶನಿವಾರ. ಲೈಬ್ರರಿ

ಓದೋಕೆ ಆಗ್ತಿಲ್ಲ. ಇಲ್ಲೇ ಬರೆದುಬಿಡ್ತೀನಿ.

ಐದನೇ ಕ್ಲಾಸಿಗೆ ಹಾಸ್ಟೆಲ್ ಸೇರಿಸಿದ್ರು. ರಜಕ್ಕೆ ಬಂದ ತಕ್ಷಣ ಅಮ್ಮ ಮೊದಲು ಕರ್ಕೊಂಡು ಹೋಗ್ತಿದ್ದದ್ದೇ ಪಾರ್ಲರಿಗೆ. ಬಾಯ್ ಕಟ್. "ಹಾಸ್ಟೆಲಲ್ಲಿ ಹೇನಾಗುತ್ತೆ." ನಾನು ಅಳ್ತಿದ್ದೆ, ಆಂಟಿ ಬಾಯಿಗೊಂದು ಪೆಪ್ಪರ್ಮಿಂಟ್ ತುರುಕೋರು. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿತ್ತು, ಪೆಪ್ಪರ್ಮಿಂಟ್ ಆಸೆಗೆ ಹಿಂಬಾಗಿಲಿಂದ ನುಗ್ಗಿದೆ. ಆಂಟಿ ತಲೆ ತೊಳ್ಕೊಂಡು ಕೂತಿದ್ರು. ದಿನಾ ನೋಡೋ ಆ ನೆಟ್ಟನೆ ಕೂದಲಲ್ಲ. ಸಣ್ಣ ಸಣ್ಣ ಸ್ಪ್ರಿಂಗು, ತಲೆ ತುಂಬ, ಎದ್ದು ನಿಂತಿತ್ತು.

ಓಡಿಸಲಿಲ್ಲ. ನನ್ನ ಕೈ ಹಿಡ್ಕೊಂಡು ಮುಟ್ಟಿಸಿದ್ರು. "ನಮ್ಮಜ್ಜಿ ಹಡಗಲ್ಲಿ ಬಂದೋಳು ಪುಟ್ಟಿ. ರೋಡಿಗೆ ಗೊತ್ತಾದ್ರೆ ಅಂಗಡಿ ಎತ್ತಿಸ್ತಾರೆ. ನಿನ್ನ ಹೊಟ್ಟೇಲೇ ಇರ್ಲಿ, ಆಯ್ತಾ?"

ಇಷ್ಟು ವರ್ಷ ಹೊಟ್ಟೇಲೇ ಇತ್ತು. ಕ್ಲಾಸು ಒಂದು ಸಲ ನಕ್ಕಿದ್ದಕ್ಕೆ ಹೊರಗೆ ಬಂತು.

ಹೋಗ್ಲಿ. ಆ ಹಾಲಿಗೆ ನಮ್ಮ ರೋಡಿನೋರು ಯಾರು ಬರ್ತಾರೆ? ಬಸ್ಸಲ್ಲಿ ಅಷ್ಟು ದೂರ. ಯಾರೂ ಬರಲ್ಲ.

ಸೆಪ್ಟೆಂಬರ್ 12, ಗುರುವಾರ

ಅಮ್ಮನ ಫೋನ್. ಅಪ್ಪ ಓಪನ್ ಡೇಗೆ ವ್ಯಾನ್ ಗೊತ್ತು ಮಾಡಿದಾರಂತೆ. ಅರ್ಧ ರೋಡು ಬರ್ತಿದೆ.

"ಪಾರ್ಲರ್‌ನೋಳೂ ಬರ್ತಾಳೆ ಕಣೇ, ಶನಿವಾರದ ವ್ಯಾಪಾರ ಬಿಟ್ಟು. ನಮ್ಮ ಪುಟ್ಟಿ ಮಾಡಿದ್ದು ನಾನು ನೋಡದೇ ಇರ್ತೀನಾ ಅಂತಾಳೆ."

ಹೊಟ್ಟೆನೋವು ಅಂತ ಫೋನ್ ಇಟ್ಟೆ.

ಸೆಪ್ಟೆಂಬರ್ 14, ಶನಿವಾರ. ಬೆಳಗ್ಗೆ

ಹಾಲ್ ತೆಗೆದ ತಕ್ಷಣ ಹೋಗಿ ಪಿನ್ನು ಕಿತ್ತೆ. ತೂತು ಉಳೀತು. ಬಿಳಿ ಪೇಂಟ್ ತುಂಬಿದೆ. ದೂರದಿಂದ ಕಾಣಲ್ಲ. ಹತ್ತಿರ ಹೋದ್ರೆ ಕಾಣುತ್ತೆ. ಪಿನ್ನು ಜೇಬಲ್ಲಿದೆ. ಬಚಾವ್.

ಅದೇ ದಿನ, ಸಂಜೆ

ಬಚಾವ್ ಇಲ್ಲ.

ಎಲ್ಲರೂ ಬೋರ್ಡ್ ಸುತ್ತ ನಿಂತಿದ್ರು. ಅವರವರ ಮನೆ ಹುಡುಕ್ಕೊಂಡು, "ನಮ್ಮ ನೀರಿನ ಟ್ಯಾಂಕ್ ಎಲ್ಲಮ್ಮ?" ಅಂತ ತಮಾಷೆ ಮಾಡ್ಕೊಂಡು. ಸರ್ ಬಂದು ವಿವರಿಸೋಕೆ ಶುರು ಮಾಡಿದ್ರು. "ಮೂರು ಜನಾಂಗದ ಬೀದಿ ಇದು..." ಹಸಿರು ಹುಡುಕಿದ್ರು. "ಅರೆ, ಪಿನ್ನು ಬಿದ್ದೋಗಿದೆ." ಪೆನ್ಸಿಲ್ ಮಾಡೆಲ್‌ನಿಂದ ಒಂದು ಕಿತ್ತು ತಂದು, ಬಗ್ಗಿ, ತೂತು ನೋಡಿ, ಅದೇ ಜಾಗಕ್ಕೆ ಚುಚ್ಚಿದ್ರು. "ಒಂದೇ ಒಂದು ದ್ವೀಪದ ಮನೆ. ಇದೇ ಈ ಬೀದಿಯ ವಿಶೇಷ. ಕರೆಕ್ಟಾ?"

ನನ್ನನ್ನ ಕೇಳಿದ್ರು. ತಪ್ಪಾಗಿದೆ ಸರ್ ಅನ್ನಬಹುದಿತ್ತು. ಎರಡೇ ಎರಡು ಮಾತು.

ತಲೆ ಆಡಿಸಿದೆ. ಹೌದು ಅಂತ.

ಮೀಸೆ ಅಂಕಲ್ — ಪಾರ್ಲರ್ ಜಾಗದ ಓನರ್ — ಕನ್ನಡಕ ಸರಿ ಮಾಡ್ಕೊಂಡ್ರು. "ಇದು ನಾನು ಬಾಡಿಗೆಗೆ ಕೊಟ್ಟಿರೋದಲ್ವಾ?"

ಆಮೇಲೆ ಮಾಡೆಲ್ ಯಾರೂ ನೋಡ್ಲಿಲ್ಲ. ಎಲ್ಲರೂ ಆಂಟಿ ಕೂದಲು ನೋಡ್ತಿದ್ರು.

ಆಂಟಿ ಬಗ್ಗಿ ಗುಲಾಬಿ ಫಲಕ ಮುಟ್ಟಿದ್ರು, ಬೆರಳ ತುದೀಲಿ. "ಎಷ್ಟು ಮುದ್ದಾಗಿ ಮಾಡಿದೀಯ ಪುಟ್ಟಿ."

ವ್ಯಾನಲ್ಲಿ ಅವರ ಪಕ್ಕ ಯಾರು ಕೂತ್ರೋ ಗೊತ್ತಿಲ್ಲ. ಅಮ್ಮ ಕೂರಲಿಲ್ಲ. ಹಾಲ್ ಕಿಟಕಿಯಿಂದ ನೋಡಿದೆ.

ಸೆಪ್ಟೆಂಬರ್ 20, ಶುಕ್ರವಾರ. ಮನೆ

ಕ್ಲಾಸ್ ಬಿಟ್ಟು ಬಂದೆ. ಪಾರ್ಲರ್ ತೆಗೆದಿದೆ, ಒಳಗೆ ಖಾಲಿ. ಕುರ್ಚಿಗಳು ಕನ್ನಡಿ ನೋಡ್ಕೊಂಡು ಕೂತಿವೆ. ಒಳಗೆ ಹೋಗೋ ಧೈರ್ಯ ಬರ್ಲಿಲ್ಲ.

ಅಮ್ಮ ಅಡುಗೆಮನೇಲಿ ಬೀನ್ಸ್ ಕತ್ತರಿಸ್ತಿದ್ಲು. ನನ್ನ ಮುಖ ನೋಡದೇ ಹೇಳಿದ್ಲು — ಭಾನುವಾರ ಮೀಟಿಂಗ್. ಅಂಗಡಿ ಖಾಲಿ ಮಾಡಿಸೋದಕ್ಕೆ. ನೋಟಿಸ್ ಅಪ್ಪನೇ ಟೈಪ್ ಮಾಡ್ತಿದಾರೆ.

"ನೀನು ಬೇಡ ಅನ್ನು ಅಮ್ಮ. ನಿನ್ನ ಫ್ರೆಂಡ್ ಅಲ್ವಾ?"

ಚಾಕು ನಿಂತಿತು. "ಆ ಪಿನ್ನು ಚುಚ್ಚೋವಾಗ ನಿನ್ನ ತಲೆ ಒಂದ್ಸಲ ಮುಟ್ಟಿ ನೋಡ್ಕೊಂಡ್ಯಾ?"

ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು. ಬಾಯ್ ಕಟ್. ಹೇನು. ಎರಡು ವಾರಕ್ಕೊಂದು ಸಲ ಪಾರ್ಲರ್ ಬಾಗಿಲು ಹಾಕ್ಕೊಂಡು ಅಮ್ಮ ಅಷ್ಟು ಹೊತ್ತು ಏನು ಮಾಡಿಸ್ಕೋತಿದ್ಲು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

"ನಮ್ಮಮ್ಮನೂ ಬಂದರಿನ ಆಚೆಯೋಳೇ. ನಿಮ್ಮಪ್ಪನಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಪಾರ್ಲರ್‌ನೋಳಿಗೆ ಬಿಟ್ಟು." ಬೀನ್ಸ್ ಮತ್ತೆ ಕತ್ತರಿಸೋಕೆ ಶುರು ಮಾಡಿದ್ಲು, ತುಂಬ ಸಣ್ಣಕೆ. "ಇಷ್ಟು ವರ್ಷ ನನ್ನ ತಲೆ ಕಾಯ್ದೋಳು. ಈ ವಾರ ಎಲ್ಲರೂ ಸೇರಿ ಅಷ್ಟು ಅಂದ್ರು. ಆಗಲೂ ಬಾಯಿ ಬಿಡ್ಲಿಲ್ಲ."

ಗೊತ್ತಿದ್ದೂ ಅಪ್ಪ ಟೈಪ್ ಮಾಡ್ತಿದಾರೆ. ಪಕ್ಕದ ರೂಮಿಂದ ಟಕ್ ಟಕ್ ಕೇಳ್ತಾನೇ ಇತ್ತು.

ಆವತ್ತು ಆಂಟಿ ನನ್ನ ಕೈ ಹಿಡಿದು ಮುಟ್ಟಿಸಿದ್ದು ಸುಮ್ಮನೆ ಅಲ್ಲ. ನನಗೆ ನನ್ನದೇ ತಲೆ ತೋರಿಸ್ತಿದ್ರು.

ಸೆಪ್ಟೆಂಬರ್ 21, ಶನಿವಾರ

ಹೋದೆ.

ಬಾಟಲಿ, ಡಬ್ಬ ಎಲ್ಲ ಪೆಟ್ಟಿಗೆಗೆ ತುಂಬ್ತಿದ್ರು. ನನ್ನ ನೋಡಿ ಅಭ್ಯಾಸಬಲದಿಂದ ಕುರ್ಚಿ ಒರೆಸಿದ್ರು. "ಕೂತ್ಕೋ. ಹಿಂದೆ ಉದ್ದ ಬಂದಿದೆ."

"ಬೇಡ ಆಂಟಿ. ಬೆಳೀಲಿ."

ಕತ್ತರಿ ಕೆಳಗಿಟ್ರು. "ಅಮ್ಮ ಹೇಳಿದ್ಲಾ?"

"ಹೂಂ. ...ಸಾರಿ ಆಂಟಿ."

"ಈಗ ಬಂದ್ಯಲ್ಲೇ. ನಿನ್ನ ಸಾರೀನ ಎಲ್ಲಿಡ್ಲಿ? ಪೆಟ್ಟಿಗೆ ತುಂಬೋಯ್ತು."

ನಕ್ರು. ನನಗೆ ನಗು ಬರ್ಲಿಲ್ಲ, ಅವರಿಗೂ ಮುಂದೆ ಬರ್ಲಿಲ್ಲ.

"ನೀವು ಅಮ್ಮನ ವಿಷಯ ಹೇಳಬಹುದಿತ್ತು. ಅಪ್ಪನ ಬಾಯಿ ಕಟ್ಟಿಹೋಗ್ತಿತ್ತು."

"ಹೇಳಿ? ಎರಡು ಮನೆ ಖಾಲಿ ಮಾಡಿಸ್ಲಾ?"

ಹೊರಡೋವಾಗ ಪೆಪ್ಪರ್ಮಿಂಟ್ ಕೊಟ್ರು. ತಗೊಂಡೆ. ಬೇಡ ಅನ್ನೋಕೂ ಬರಲ್ಲ ನನಗೆ.

ಸೆಪ್ಟೆಂಬರ್ 22, ಭಾನುವಾರ. ನಾಲ್ಕೂವರೆ

ಐದಕ್ಕೆ ಮೀಸೆ ಅಂಕಲ್ ಮನೇಲಿ ಮೀಟಿಂಗ್. ನಾನೂ ಬಂದು ಮಾತಾಡ್ತೀನಿ ಅಂದೆ. ಪಿನ್ನು ತಪ್ಪು, ಮಾರ್ಕ್ಸಿಗೋಸ್ಕರ ಸುಳ್ಳು ಹೇಳಿದೆ ಅಂತೀನಿ. ಅಮ್ಮ ಅಂದ್ಲು — "ಇನ್ನೊಂದು ಸುಳ್ಳು ಹೇಳಿ ಅವಳ ಕೂದಲು ನೆಟ್ಟಗೆ ಮಾಡ್ತೀಯಾ?"

ಹಳೇ ಪಿನ್ನು ಇನ್ನೂ ಜೇಬಲ್ಲೇ ಇದೆ. ಎಲ್ಲರ ಮುಂದೆ ಅದನ್ನ ತೆಗೆದು, ನಮ್ಮ ಮನೆಗೂ ಒಂದು ಹಾಕಿ ಅನ್ನೋಣ ಅಂತ ಅನ್ನಿಸ್ತು. ಆದ್ರೆ ಆ ಗುಟ್ಟು ಅಮ್ಮಂದು. ಒಂದು ಸಲ ಬೇರೆಯೋರದ್ದು ಎತ್ತಿ ಹೇಳಿದ್ದು ಸಾಕು.

ಅಮ್ಮ ತಲೆಗೆ ಸ್ನಾನ ಮಾಡಿ ಬಂದಿದಾಳೆ. ಕನ್ನಡಿ ಮುಂದೆ ಕೂತಿದಾಳೆ. ಸ್ಟ್ರೈಟ್ನರ್ ಎದುರಿಗೇ ಇದೆ. ಸ್ವಿಚ್ ಹಾಕಿಲ್ಲ.

ಅಪ್ಪ — "ಬೇಗ ಒಣಗಿಸ್ಕೋ, ಟೈಮಾಯ್ತು."

ಫ್ಯಾನ್ ಗಾಳಿಗೆ ಒಣಗ್ತಿದೆ. ಹಣೆ ಹತ್ರ ಒಂದು ಸುರುಳಿ ಎದ್ದಿತು. ಕಿವಿ ಹಿಂದೆ ಇನ್ನೊಂದು. ಅಮ್ಮನ ತಲೆ ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರ್ಲಿಲ್ಲ.

ಅಪ್ಪ ನೋಟಿಸ್ ಕೈಯಲ್ಲಿ ಹಿಡ್ಕೊಂಡು ನಿಂತೇ ಇದಾರೆ. "ಹೀಗೇ... ಬರ್ತೀಯಾ?"

"ಪುಟ್ಟಿ, ಬಾಗಿಲು ತೆಗಿ."

ನನ್ನನ್ನೇ ಕರೆದಿದ್ದು. ಚುಚ್ಚಿದ್ದು ನಾನು, ತಲೆ ಕೊಡ್ತಿರೋದು ಅಮ್ಮ, ಮತ್ತೆ ನಾನಿಲ್ಲಿ ಬರೀತಾ... ಏಳ್ಬೇಕು. ಅಮ್ಮ ಚಪ್ಪಲಿ ಹಾಕ್ಕೊಂಡ್ಲು. ಅಪ್ಪ ಇನ್ನೂ ನಿಂತಲ್ಲೇ...