ಮೊಮ್ಮಗಳ ನಿದ್ದೆ

ಮನೆಯಿಂದ, ಮಾರ್ಚ್ ಒಂಬತ್ತು, ಸಂಜೆ

ಪ್ರೀತಿಯ ಮಗಳೇ,

ನಿನ್ನ ಸೊಂಟನೋವು ಈಗ ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಒಬ್ಬಳೇ ಎತ್ತಿ ಮಗ್ಗುಲು ಹೊರಳಿಸಬೇಡ, ಮನೆಯವರನ್ನು ಕರೆ. ಕೆಲಸ ಕೊಟ್ಟವರು ಹೊಸ ಸೊಂಟ ಕೊಡುವುದಿಲ್ಲ. ಆ ದೂರದ ದೇಶದಲ್ಲಿ ಚಳಿ ತಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಅವರ ತಟ್ಟೆಯಲ್ಲಿ ಉಳಿದದ್ದೇ ನಿನ್ನ ಊಟವೋ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೊಲಿಗೆ ಮಿಷನ್ನಿನ ಹಾಗೆಯೇ ಸದ್ದು ಮಾಡುತ್ತದೆ. ಎರಡಕ್ಕೂ ಎಣ್ಣೆ ಹಚ್ಚಿಕೊಂಡು ಕಾಲ ನೂಕುತ್ತಿದ್ದೇನೆ.

ಇನ್ನು ನಮ್ಮ ಮೆಣಸಿನಕಾಯಿಯ ವಿಷಯ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಮನೆಯಲ್ಲೇ ಇದ್ದಾಳೆ, ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಗಾಬರಿಯಾಗದೆ ಓದು. ಹೋದ ವಾರ ಶಾಲೆಯಿಂದ ಬರುತ್ತಾ ನಮ್ಮ ಮೆಟ್ಟಿಲಿನ ತಿರುವಿನಲ್ಲೇ ಕುಸಿದು ಕುಳಿತಳು. ನಾನು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದೆ. ಕೆಳಮನೆಯ ಎಲೆಕ್ಟ್ರಿಷಿಯನ್ "ಅಜ್ಜೀ, ಬೇಗ ಬನ್ನಿ, ಹುಡುಗಿ ಬೆವತು ನೀರಾಗಿದಾಳೆ!" ಎಂದು ಕೂಗಿದ. ಓಡಿದೆ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. "ಎದೆ ಒಳಗೆ ಯಾರೋ ಓಡ್ತಿದಾರೆ ಅಜ್ಜಿ" ಅಂದಳು. ಕೈಯಿಟ್ಟರೆ ನನ್ನ ಅಂಗೈಯೇ ಅದುರಿತು. ಆ ಪುಣ್ಯಾತ್ಮನೇ ಅವಳನ್ನು ಹೊತ್ತು ಇಳಿಸಿ, ತನ್ನ ವ್ಯಾನಿನಲ್ಲಿ ವೈರಿನ ಸುರುಳಿಗಳ ನಡುವೆ ಮಲಗಿಸಿ ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ಅವನು ಹಾರ್ನ್ ಒತ್ತಿದ, ನಾನು ದೇವರನ್ನು ಕೂಗಿದೆ. ಯಾವುದಕ್ಕೆ ಹೆದರಿ ಜನ ದಾರಿ ಬಿಟ್ಟರೋ ತಿಳಿಯದು.

ಅಲ್ಲಿ ಕೆಲವು ದಿನ ಇಟ್ಟುಕೊಂಡರು. ಎದೆಗೆ ವೈರು ಅಂಟಿಸಿ, ತೋಳಿಗೆ ಪಟ್ಟಿ ಸುತ್ತಿ ಹಗಲೂ ರಾತ್ರಿ ಅಳೆದರು. ಕಿಡ್ನಿ, ಥೈರಾಯ್ಡ್ ಎಲ್ಲ ನೋಡಿದರು, ಅಲ್ಲೇನೂ ಸಿಗಲಿಲ್ಲ. ಎದೆಬಡಿತ ಹದಕ್ಕೆ ಬಂತು, ಬಿಪಿ ಮಾತ್ರ ಇಳಿಯಲಿಲ್ಲ. ಹದಿನೈದರ ಮಗುವಿಗೆ ನನಗಿಂತ ಹೆಚ್ಚು ಬಿಪಿ! ಹೃದಯದ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು, "ನಿದ್ದೇಲಿ ಬಿಪಿ ಇಳೀಬೇಕಮ್ಮ, ಹೃದಯಕ್ಕೆ ಸಿಗೋ ಬಿಡುವೇ ಅದು. ಇವಳಿಗೆ ನಿದ್ದೆನೂ ಇಲ್ಲ, ಮನಸ್ಸಿಗೆ ನೆಮ್ಮದಿನೂ ಇಲ್ಲ. ಹೃದಯದ ಎಡಗೋಡೆ ಆಗಲೇ ಸ್ವಲ್ಪ ದಪ್ಪ ಆಗಿದೆ" ಎಂದರು. ಸರಿಹೋಗುತ್ತದೆಯೇ ಎಂದೆ. "ಹೋಗಬಹುದು. ಈಗಲೇ ಮಾತು ಕೊಡಕ್ಕಾಗಲ್ಲ" ಎಂದರು. ಈಗ ನನ್ನ ಮಾತ್ರೆಯ ಡಬ್ಬಿಯ ಪಕ್ಕ ಅವಳದೂ ಕುಳಿತಿದೆ. ಬೆಳಿಗ್ಗೆ ಅಜ್ಜಿ ಮೊಮ್ಮಗಳು ಒಂದೇ ಲೋಟದ ನೀರಿನಲ್ಲಿ ನುಂಗುತ್ತೇವೆ. ಕಣ್ಣಿಂದ ನೋಡಲಾಗದು ಮಗಳೇ.

ನಿದ್ದೆ ಯಾಕಿಲ್ಲ ಎಂದರೆ ಪರೀಕ್ಷೆ ಎಂದಳು. ನಾನೂ ಶಾಲೆಯವರಿಗೆ ಹಿಡಿಶಾಪ ಹಾಕಿದೆ. ಓದಿನ ಭಾರ ಇರುವುದೂ ನಿಜವೇ. ಈ ವರ್ಷ ಪರೀಕ್ಷೆ ಬೇಡವೆಂದು ಬರೆಸಿಕೊಟ್ಟಿದ್ದೇನೆ. ಓಟದ ತಂಡದಿಂದಲೂ ಸದ್ಯಕ್ಕೆ ಬಿಡಿಸಿದರು. ಬೂಟುಗಳನ್ನು ತೊಳೆದು ಒಣಗಿಸಿ ಮಂಚದ ಕೆಳಗೆ ತಳ್ಳಿದಳು. ಡಾಕ್ಟರಮ್ಮ ನನ್ನನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಮಾತಾಡಿಸಿದ ದಿನ ಬಾಗಿಲು ತೆರೆದಾಗ ಬಿಕ್ಕುತ್ತಿದ್ದಳು. ಆಮೇಲೆ ನನಗೂ ಎಲ್ಲ ಹೇಳಿ, "ಅಮ್ಮಂಗೆ ಮಾತ್ರ ಹೇಳ್ಬೇಡ ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ನನ್ನ ತೋಳು ಹಿಡಿದಳು. ಆಗಲಿ ಎಂದೆ. ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ.

ಮೈ ನೋಡಿಕೋ. ನೀನಿರುವ ಕಡೆ ನಿನಗೆ ನೆರಳು ಸಿಗಲಿ.

ನಿನ್ನ ಹೆತ್ತ,
ಅಮ್ಮ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಕೊಟ್ಟ ಮಾತು ಮುರಿದ ಪಾಪ ನನಗೇ ಇರಲಿ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಅವಳ ಕಿವಿಗೆ ಬೀಳದ ಮೂಲೆಯಿಲ್ಲ. ನಿನ್ನ ಕೆಲಸ ಮುಗಿಯುವ ಹೊತ್ತು ನಮಗಿಲ್ಲಿ ನಡುರಾತ್ರಿ. ನಾನು ನಿದ್ದೆ ಹೋದ ಮೇಲೆ ಮಗು ಎಚ್ಚರವಾಗಿಯೇ ನಿನ್ನ ಫೋನಿಗೆ ಕಾಯುತ್ತಾಳಂತೆ. ನೀನು ತೀರಿಹೋದ ಗಂಡನನ್ನು ನೆನೆದು ಅಳುತ್ತೀಯಂತೆ, ಬದುಕುವುದೇ ಬೇಡ ಎನ್ನುತ್ತೀಯಂತೆ. ನಿನಗೆ ನಿದ್ದೆ ಹತ್ತುವವರೆಗೂ ಅವಳು ಫೋನ್ ಇಡುವುದಿಲ್ಲವಂತೆ. ಹೋದ ವಾರ ಶಾಲೆಯ ಪ್ರವಾಸವೆಂದು ನಿನಗೆ ಸಂದೇಶ ಬಂತಲ್ಲ, ಅದು ಆಸ್ಪತ್ರೆಯ ಮಂಚದಿಂದ. "ನಾನು ಎತ್ತದೇ ಇದ್ದಾಗ ಅಮ್ಮ ಏನಾದ್ರೂ ಮಾಡ್ಕೊಂಡ್ರೆ?" ಎಂದು ಡಾಕ್ಟರಮ್ಮನನ್ನು ಕೇಳಿದಳಂತೆ. ನನಗೆ ನಿನ್ನ ಮೇಲೆ ಕೋಪವಿಲ್ಲ ಕಂದಾ. ಇವತ್ತಿನಿಂದ ಅವಳ ಫೋನು ನನ್ನ ದಿಂಬಿನ ಕೆಳಗಿರುತ್ತದೆ, ಎತ್ತುವವಳು ನಾನು. ಎಷ್ಟು ಹೊತ್ತು ಬೇಕಾದರೂ ಅಳು. ಅಲ್ಲಿರಲಾಗದಿದ್ದರೆ ಎಲ್ಲ ಬಿಟ್ಟು ಬಂದುಬಿಡು. ಮಗುವನ್ನು ಮಲಗಲು ಬಿಡು.